ಘಟ್ಟದವರ ಕಡಲಯಾನ

ಚಾರ್ಮಾಡಿಯ ಘಟ್ಟವನ್ನಿಳಿಯುವಾಗ ಹೊಟ್ಟೆ ತೊಳಸದವರು ನಮ್ಮ ಬಾಳೂರಿನ ಸೀಮೆಯಲ್ಲಿ ಎಷ್ಟು ಮಂದಿಯಿರುವರೆಂಬುದನ್ನು ಲೆಕ್ಕ ಹಾಕಿದವರಿಲ್ಲ. ಆದರೆ ಬಸ್ಸಿನ ಕಿಟಕಿಯ ಬದಿಯ ಸ್ಥಾನಕ್ಕಾಗಿ ಕೊಟ್ಟಿಗೆಹಾರದಲ್ಲಿ ನಡೆಯುವ ಪೈಪೋಟಿಯನ್ನು ಕಂಡವರಿಗೆ ಅಂಥವರ ಸಂಖ್ಯೆ ಬಹಳ ಸ್ವಲ್ಪವೆಂದು ತೋರದಿರದು. ನಿಂಬೆಯ ಹಣ್ಣನ್ನು ಮೂಸುತ್ತ, ಹಸಿಶುಂಠಿಯ ಚೂರನ್ನು ದವಡೆಯಲ್ಲಿಟ್ಟುಕೊಂಡು, ಕಣ್ಣು ಮುಚ್ಚಿ, ತಿರುವು ತಿರುವಿಗೂ ದೇವರನ್ನು ನೆನೆಯುತ್ತ ಕೆಳಗಿಳಿಯುವ ಜನ ನಾವು. ಅಂಥ ಜನಕ್ಕೆ ಸಮುದ್ರಯಾನದ ಮಾತನ್ನು ಹೇಳಹೊರಡುವುದು ಅವಿವೇಕವೆಂದು ವಾಚಕರಿಗೆ ತೋರಬಹುದು. ಆದರೂ ಕಳೆದ ಜನವರಿಯಲ್ಲಿ ನಮ್ಮ ಮನೆತನದ ಐದು ಮಂದಿ ಈ ಸಾಹಸವನ್ನು ಮಾಡಿ ಬಂದುದರಿಂದಲೂ, ಹೊರಡುವ ಮುನ್ನ ತಿಳಿದಿರಬೇಕಾಗಿದ್ದ ಹಲವು ಸಂಗತಿಗಳನ್ನು ನಾವು ಹೋಗಿಬಂದ ಮೇಲೆ ತಿಳಿದುಕೊಂಡುದರಿಂದಲೂ, ಮುಂದೆ ಹೋಗತಕ್ಕವರಿಗೆ ಉಪಯೋಗವಾದೀತೆಂದು ಇದನ್ನು ಬರೆಯುತ್ತಿದ್ದೇವೆ.

ಹಿಂದಿನವರಿಗೆ ಹಡಗನ್ನೇರುವುದು ವಿನೋದದ ಮಾತಾಗಿರಲಿಲ್ಲ. ಘಟ್ಟದ ಕೆಳಗಿನವರು ಹೊಟ್ಟೆಪಾಡಿಗಾಗಿ ಮುಂಬಯಿಗೆ ಹೋಗುವಾಗ ಕರಾವಳಿಯ ಆಗಬೋಟುಗಳನ್ನು ಏರುತ್ತಿದ್ದರು. ಮಂಗಳೂರಿನ ಹಳೆಯ ಬಂದರು ನೇತ್ರಾವತಿ ಗುರುಪುರ ನದಿಗಳ ಅಳಿವೆಯೊಳಗಿದ್ದು, ಅಲ್ಲಿ ನೀರಿನ ಆಳ ಸಾಲದಾದುದರಿಂದ, ದೊಡ್ಡ ಹಡಗುಗಳು ಹೊರಗಡಲಿನಲ್ಲಿಯೇ ಲಂಗರು ಹಾಕಿ ನಿಲ್ಲುತ್ತಿದ್ದವು. ಪ್ರಯಾಣಿಕರು ದೋಣಿಯಲ್ಲಿ ಹೋಗಿ ಅವನ್ನು ಏರಬೇಕಾಗಿತ್ತು. ಹಡಗಿನ ಅಲುಗಾಟಕ್ಕೆ ಮೊದಲೇ ದೋಣಿಯ ಕುಣಿತವು ಅವರ ಹೊಟ್ಟೆಯನ್ನು ಬರಿದು ಮಾಡುತ್ತಿದ್ದಿತೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಪಣಂಬೂರಿನ ಹೊಸ ಬಂದರು ೧೯೭೪ರ ಮೇ ೪ರಂದು ದೇಶದ ಒಂಬತ್ತನೆಯ ಪ್ರಧಾನ ಬಂದರೆಂದು ಘೋಷಿತವಾಗಿ, ೧೯೭೫ರ ಜನವರಿ ೧೧ರಂದು ಆಗಿನ ಪ್ರಧಾನಿ ಇಂದಿರಾ ಗಾಂಧಿಯವರಿಂದ ಉದ್ಘಾಟಿಸಲ್ಪಟ್ಟಿತು. ಮಳೆಗಾಲ ಕಳೆದ ಮೇಲೆ ವಿದೇಶೀ ವಿಹಾರನೌಕೆಗಳು ಅಲ್ಲಿಗೆ ಬರುವುದುಂಟು. ಅವುಗಳಿಂದಿಳಿದವರು ಕದ್ರಿಯ ದೇವಾಲಯವನ್ನೂ ಗೇರುಬೀಜದ ಕಾರ್ಖಾನೆಯನ್ನೂ ನೋಡಿ ಸಂಜೆಗೆ ಹಡಗಿಗೆ ಮರಳುತ್ತಾರೆ. ೨೦೨೧ರ ಸೆಪ್ಟೆಂಬರಿನಲ್ಲಿ 'ಎಂಪ್ರೆಸ್' ಎಂಬ ಹಡಗು, ಎಂದರೆ ೧೯೯೦ರಲ್ಲಿ ಫ್ರಾನ್ಸ್ ದೇಶದಲ್ಲಿ ಕಟ್ಟಿದ, ಹನ್ನೊಂದು ಅಂತಸ್ತಿನ, ಸುಮಾರು ೨೧೦ ಮೀಟರು ಉದ್ದದ ನೌಕೆಯು, ಮುಂಬಯಿಯಿಂದ ನಮ್ಮ ದೇಶದವರಿಗೆಂದೇ ವಿಹಾರಯಾತ್ರೆಯನ್ನು ಆರಂಭಿಸಿದ ಮೇಲೆ, ಗೋವೆ, ಕೊಚ್ಚಿ, ಲಕ್ಷದ್ವೀಪಗಳಿಗೆ ಹಡಗಿನಲ್ಲಿ ಹೋಗಿಬಂದೆವೆಂದು ಹೇಳುವವರು ನಮ್ಮ ಮೂಡಿಗೆರೆಯ ಸಂತೆಯಲ್ಲಿಯೂ ಸಿಗತೊಡಗಿದರು.

ನಮ್ಮ ಮನೆಯ ಮಾತಿಗೆ ಬರೋಣ. ನಮ್ಮ ದೊಡ್ಡಮ್ಮನವರಿಗೆ ಈಗ ಎಪ್ಪತ್ತೊಂದು ವರ್ಷ. ಅವರ ಒಬ್ಬಳೇ ತಂಗಿಯನ್ನು ಘಟ್ಟದ ಕೆಳಗೆ, ಉಜಿರೆಯ ಬಳಿಯ ಒಂದು ಮನೆಗೆ ಕೊಟ್ಟಿದ್ದರು. ನಕ್ಷೆಯಲ್ಲಿ ನೋಡಿದರೆ ಎರಡು ಮನೆಗಳ ನಡುವಿನ ದೂರ ಹೆಚ್ಚಲ್ಲ. ಆದರೆ ನಡುವೆ ಚಾರ್ಮಾಡಿಯಿತ್ತು. ದೊಡ್ಡಮ್ಮನವರಿಗೆ ಮೂರನೆಯ ತಿರುವಿನಲ್ಲಿಯೇ ವಾಂತಿ ಆರಂಭವಾಗುತ್ತಿತ್ತು. ಕೆಳಗೆ ಮುಟ್ಟುವ ವೇಳೆಗೆ ಕುಳಿತಲ್ಲಿ ಕುಳಿತಿರಲಾರದಷ್ಟು ಬಳಲುತ್ತಿದ್ದರು. ಆದುದರಿಂದ ತಂಗಿಯೇ ಮೇಲಕ್ಕೆ ಬರುವುದು ರೂಢಿಯಾಗಿತ್ತು. ಆ ತಂಗಿ ಕಾಯಿಲೆ ಬಿದ್ದು ಏಳದಂತಾದಾಗ ಇವರು ಜೀಪನ್ನು ಮಾಡಿಕೊಂಡು ಹೊರಟರು. ಅರ್ಧ ಘಟ್ಟವನ್ನೂ ಇಳಿಯಲಾಗದೆ, ರಸ್ತೆಯ ಬದಿಯಲ್ಲಿ ಕುಸಿದು ಕುಳಿತು, ಮನೆಗೆ ಹಿಂದಿರುಗಿದರು. ಮೂರನೆಯ ದಿವಸ ತಂಗಿ ತೀರಿಹೋದ ಸುದ್ದಿ ಬಂದಿತು. ಇದು ಹದಿನಾಲ್ಕು ವರ್ಷಗಳ ಹಿಂದಿನ ಮಾತು. ಅಂದಿನಿಂದ ಅವರು ಘಟ್ಟದ ಕಡೆಗೆ ಮುಖ ಹಾಕಿರಲಿಲ್ಲ. ಆ ಮಾತನ್ನೂ ಎತ್ತಿರಲಿಲ್ಲ.

ಮುಂಬಯಿಯಲ್ಲಿರುವ ಅವರ ಮಗನು ತಾಯಿಯನ್ನೂ ನಮ್ಮನ್ನೂ ಸೇರಿಸಿ, ಮುಂಬಯಿಯಿಂದ ಕೊಚ್ಚಿಗೆ ಎರಡು ರಾತ್ರಿ ಒಂದು ಹಗಲಿನ ಹಡಗಿನ ಪ್ರಯಾಣಕ್ಕೆ ಚೀಟಿ ಕೊಂಡಿರುವೆನೆಂದು ತಿಳಿಸಿದಾಗ ದೊಡ್ಡಮ್ಮನವರು, "ನೀವೆಲ್ಲ ಹೋಗಿ ಬನ್ನಿ. ಕಣದ ಮೇಲೆ ಕಾಫಿ ಹರವಿದೆ, ನಾನು ನೋಡಿಕೊಂಡಿರ್ತೀನಿ" ಎಂದು ಒಂದೇ ಮಾತಿನಲ್ಲಿ ತೀರಿಸಿದರು. ಮೊಮ್ಮಗನು ದೂರವಾಣಿಯಲ್ಲಿ ಅತ್ತುದೇ ನಮ್ಮ ಪುಣ್ಯವಾಯಿತು. "ಅವನ ಸಲುವಾಗಿ ಮೂಡಿಗೆರೆಯ ಡಾಕ್ಟರನ್ನು ಒಂದು ಮಾತು ಕೇಳೋಣ" ಎಂದು ಒಪ್ಪಿಸಿದೆವು. ಆ ವೈದ್ಯರು ಅರ್ಧ ಗಂಟೆ ಕುಳ್ಳಿರಿಸಿಕೊಂಡು ಹೇಳಿದುದನ್ನೂ, ಅನಂತರ ನಾವು ಓದಿ ತಿಳಿದುದನ್ನೂ ಸೇರಿಸಿ ಇಲ್ಲಿ ಬರೆಯುತ್ತೇವೆ.

ಘಟ್ಟದಲ್ಲಿ ಬರುವ ವಾಂತಿಯೂ ಕಡಲಿನ ಮೇಲೆ ಬರುವ ವಾಂತಿಯೂ ಒಂದೇ ತಾಯಿಯ ಮಕ್ಕಳು. ನಮ್ಮ ಕಡೆ ಇದನ್ನು ಪಿತ್ತ ಕೆದರಿತೆನ್ನುವುದು ವಾಡಿಕೆ. ಆದರೆ ತೊಂದರೆಯ ಮೂಲವಿರುವುದು ಹೊಟ್ಟೆಯಲ್ಲಲ್ಲ, ಕಿವಿಯಲ್ಲಿ. ಒಳಕಿವಿಯಲ್ಲಿ ಅರ್ಧಚಂದ್ರಾಕಾರದ ಮೂರು ಸಣ್ಣ ನಾಳಗಳಿವೆ. ಕೋಣೆಯ ಮೂಲೆಯಲ್ಲಿ ಎರಡು ಗೋಡೆಗಳೂ ನೆಲವೂ ಕೂಡುವಂತೆ ಅವು ಒಂದಕ್ಕೊಂದು ಅಡ್ಡವಾಗಿ ನಿಂತಿವೆ. ಅವುಗಳಲ್ಲಿ ತುಂಬಿರುವ ದ್ರವವು ತಲೆ ತಿರುಗಿದಂತೆಲ್ಲ ಚಲಿಸಿ ಮಿದುಳಿಗೆ ವರ್ತಮಾನವನ್ನು ಕಳುಹುತ್ತದೆ; ಅವುಗಳ ಬುಡದಲ್ಲಿರುವ ಸುಣ್ಣದ ಸೂಕ್ಷ್ಮ ಕಣಗಳು ಮೇಲೇರುವುದನ್ನೂ ಕೆಳಗಿಳಿಯುವುದನ್ನೂ ತಿಳಿಸುತ್ತವೆ. ಹಡಗಿನ ಕೋಣೆಯೊಳಗೆ ಕುಳಿತವನ ಕಣ್ಣು, ಗೋಡೆ ಮೇಜು ಮಂಚಗಳನ್ನು ನೋಡಿ, ಎಲ್ಲವೂ ಸ್ಥಿರವಾಗಿದೆಯೆನ್ನುತ್ತದೆ. ಕಿವಿಯು ಎಲ್ಲವೂ ಅಲುಗುತ್ತಿದೆಯೆನ್ನುತ್ತದೆ. ಇಬ್ಬರು ಸಾಕ್ಷಿಗಳು ಎರಡು ಮಾತು ಹೇಳಿದರೆ ನ್ಯಾಯಾಧೀಶನ ತಲೆ ಕೆಡುವುದು ಸಹಜವಷ್ಟೆ. ಆಗ ಹೊಟ್ಟೆಯೇತಕ್ಕೆ ಕೆರಳಬೇಕೆಂಬುದಕ್ಕೆ ಮೈಕೆಲ್ ಟ್ರೀಸ್ಮನ್ ಎಂಬವರು ೧೯೭೭ರಲ್ಲಿ ಒಂದು ಊಹೆಯನ್ನು ಮುಂದಿಟ್ಟರು: ವಿಷಪದಾರ್ಥವನ್ನು ತಿಂದಾಗಲೂ ಕಣ್ಣು ಕಿವಿಗಳ ಮಾತು ಹೀಗೆಯೇ ತಾಳೆ ತಪ್ಪುವುದರಿಂದ, ವಿಷ ಹೊಟ್ಟೆಗೆ ಹೋಗಿದೆಯೆಂದು ಮಿದುಳು ತಪ್ಪು ತಿಳಿದು ಅದನ್ನು ಹೊರಹಾಕಿಸುತ್ತದೆಂದು ಅವರ ಅಭಿಪ್ರಾಯ. ಊಹೆ ಹೇಗಾದರಿರಲಿ, ಒಳಕಿವಿಯ ಈ ಅಂಗ ಪೂರ್ತಿಯಾಗಿ ಕೆಟ್ಟವರಿಗೆ ಸಮುದ್ರರೋಗವು ಬಾರದೆಂಬುದು ಮಾತ್ರ ನಿಜ.

ಆದುದರಿಂದ ಇದು ಹೇಡಿತನವೂ ಅಲ್ಲ, ಮೈಗಳ್ಳತನವೂ ಅಲ್ಲ. ಇಂಗ್ಲೆಂಡಿನ ನೌಕಾಬಲದ ವೀರನಾದ ನೆಲ್ಸನ್ನನಿಗೆ ಜೀವಮಾನವೆಲ್ಲ ಸಮುದ್ರರೋಗವು ತಪ್ಪಲಿಲ್ಲ. ಚಾರ್ಲ್ಸ್ ಡಾರ್ವಿನ್ನನು ೧೮೩೧ರಿಂದ ೧೮೩೬ರವರೆಗೆ ಬೀಗಲ್ ಎಂಬ ಹಡಗಿನಲ್ಲಿ ಭೂಮಂಡಲವನ್ನು ಸುತ್ತಿದಾಗ, ಐದು ವರ್ಷಗಳಾದರೂ ಅವನ ಹೊಟ್ಟೆಯು ಅಲೆಗಳಿಗೆ ಒಗ್ಗಲಿಲ್ಲ. ಇದಕ್ಕೆ ಪ್ರತಿಯಾಗಿ, ೧೮೮೮ರ ಸೆಪ್ಟೆಂಬರ್ ೪ರಂದು ಮುಂಬಯಿಯಿಂದ ಇಂಗ್ಲೆಂಡಿಗೆ ಹೊರಟ ಗಾಂಧಿಯವರಿಗೆ, ಅದು ಮೊದಲನೆಯ ಪ್ರಯಾಣವಾಗಿದ್ದರೂ, ಈ ರೋಗವು ತಟ್ಟಲಿಲ್ಲವೆಂದು ಅವರೇ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಯಾರ ಕಿವಿ ಹೇಗೆಂಬುದನ್ನು ಮುಖ ನೋಡಿ ಹೇಳುವಂತಿಲ್ಲ. ಎರಡು ವರ್ಷದೊಳಗಿನ ಕೂಸುಗಳಿಗೆ ಇದು ಅಪರೂಪ. ಎರಡರಿಂದ ಹನ್ನೆರಡರವರೆಗಿನ ಮಕ್ಕಳಿಗೆ ಹೆಚ್ಚು. ಗಂಡಸರಿಗಿಂತ ಹೆಂಗಸರಿಗೆ ತುಸು ಹೆಚ್ಚು. ವಯಸ್ಸಾದಂತೆ ಅನೇಕರಿಗೆ ಕಡಿಮೆಯಾಗುತ್ತ ಬರುತ್ತದೆ. ಈ ಕೊನೆಯ ಮಾತನ್ನು ಕೇಳಿ ದೊಡ್ಡಮ್ಮನವರು ಮೊದಲ ಬಾರಿ ತಲೆಯೆತ್ತಿ ನೋಡಿದರು.

ಹಡಗಿನ ಚಲನೆಯಲ್ಲಿಯೂ ಬಗೆಗಳುಂಟು. ಎಡಬಲಕ್ಕೆ ತೊಟ್ಟಿಲಿನಂತೆ ತೂಗುವುದೊಂದು. ಮೂತಿ ಏಳುತ್ತ ಹಿಂಬದಿ ಇಳಿಯುತ್ತ ಏತದ ಮರದಂತೆ ಆಡುವುದೊಂದು. ಇಡೀ ಹಡಗೇ ಒಮ್ಮೆಲೆ ಮೇಲೆದ್ದು ಕೆಳಗಿಳಿಯುವುದು ಇನ್ನೊಂದು. ತೊಟ್ಟಿಲಿನ ತೂಗಾಟವನ್ನು ಮನುಷ್ಯನು ಹೇಗೋ ಸಹಿಸಿಯಾನು. ಮೇಲೆ ಕೆಳಗೆ ಆಡುವ ಚಲನೆ, ಅದರಲ್ಲಿಯೂ ಸುಮಾರು ಐದು ಸೆಕೆಂಡಿಗೊಮ್ಮೆ ನಿಧಾನವಾಗಿ ಆಗುವ ಏರಿಳಿತವು, ಎಲ್ಲಕ್ಕಿಂತ ಕೆಟ್ಟದ್ದೆಂದು ಪ್ರಯೋಗಗಳಿಂದ ತಿಳಿದುಬಂದಿದೆ. ಏತದ ಮರದ ತುದಿಯಲ್ಲಿ ಕುಳಿತವನು ಎಷ್ಟು ಏರಿ ಇಳಿಯುವನೋ ನಡುವಿನಲ್ಲಿ ಕುಳಿತವನು ಅಷ್ಟು ಏರಿಳಿಯುವುದಿಲ್ಲವಷ್ಟೆ? ಹಡಗಿನಲ್ಲಿಯೂ ಹಾಗೆಯೇ. ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿರುವ ಕೋಣೆಯೇ ಘಟ್ಟದವರಿಗೆ ತಕ್ಕ ಕೋಣೆ. ಎತ್ತರದಲ್ಲಿದ್ದರೆ ನೋಟ ಚೆನ್ನಾಗಿರುತ್ತದೆಂದು ಆಸೆಪಟ್ಟು ಮೇಲಿನ ಅಂತಸ್ತಿನ ಮುಂದಿನ ಕೋಣೆಯನ್ನು ಹಿಡಿಯುವವರು ದುಡ್ಡು ಕೊಟ್ಟು ವಾಂತಿಯನ್ನು ಕೊಂಡಂತೆಯೇ ಸರಿ. ನಮಗೆ ಚೀಟಿ ಮಾಡಿಸಿಕೊಟ್ಟ ದಲ್ಲಾಳಿಯೊಬ್ಬನು ನಡುಭಾಗವೆಂದು ಬಾಯಿಮಾತಿನಲ್ಲಿ ಹೇಳಿ, ಎರಡು ಕೋಣೆಗಳಲ್ಲಿ ಒಂದನ್ನು ಮೂತಿಯ ಬಳಿಯಲ್ಲಿ ಕೊಡಿಸಿದ್ದನು. ಅದು ತಿಳಿದುದು ಹಡಗನ್ನು ಹತ್ತಿದ ಮೇಲೆ. ಹಣ ಕೊಡುವ ಮೊದಲೇ ಹಡಗಿನ ನಕ್ಷೆಯನ್ನು ತರಿಸಿ, ಕೋಣೆಯ ಸಂಖ್ಯೆಯನ್ನು ಬೆರಳಿಟ್ಟು ತೋರಿಸಿಕೊಳ್ಳತಕ್ಕದ್ದು.

ಈ ಅಲುಗಾಟವನ್ನು ನಿಲ್ಲಿಸಲು ಮನುಷ್ಯರು ಪಟ್ಟ ಪಾಡೇನು ಸಾಮಾನ್ಯವೆ? ಉಕ್ಕನ್ನು ಅಗ್ಗವಾಗಿ ತಯಾರಿಸುವ ಕ್ರಮವನ್ನು ಕಂಡುಹಿಡಿದ ಹೆನ್ರಿ ಬೆಸಿಮರನು ಸ್ವತಃ ಸಮುದ್ರರೋಗದಿಂದ ನರಳಿದವನು. ಹಡಗು ಎಷ್ಟೇ ಹೊರಳಿದರೂ ತಾನು ಸಮನಾಗಿಯೇ ನಿಲ್ಲುವಂತಹ ತೂಗುವ ದಿವಾನಖಾನೆಯೊಂದನ್ನು ಒಳಗೊಂಡ ಹಡಗನ್ನು ಅವನು ಕಟ್ಟಿಸಿದನು. ಅದು ೧೮೭೫ರ ಮೇ ತಿಂಗಳಲ್ಲಿ ಫ್ರಾನ್ಸಿನ ಕ್ಯಾಲೆ ಬಂದರನ್ನು ಹೊಗುವಾಗ ಚುಕ್ಕಾಣಿಯ ಮಾತನ್ನು ಕೇಳದೆ ಕಟ್ಟೆಗೆ ಹೊಡೆದು ಅದನ್ನು ಮುರಿಯಿತು. ಅಲ್ಲಿಗೆ ಆ ಉದ್ಯಮವೂ ಮುಗಿಯಿತು. ಬೆಸಿಮರನಿಗೆ ಸಾಧ್ಯವಾಗದುದನ್ನು ಮುಂದೆ ಮೀನು ಕಲಿಸಿತೆನ್ನಬೇಕು. ಈಗಿನ ದೊಡ್ಡ ಹಡಗುಗಳ ಎರಡು ಪಕ್ಕಗಳಲ್ಲಿ, ನೀರಿನ ಕೆಳಗೆ, ಮೀನಿನ ಈಜುರೆಕ್ಕೆಗಳಂತಹ ಫಲಕಗಳಿವೆ. ಹಡಗು ಬಲಕ್ಕೆ ವಾಲಿದರೆ ಅವು ತಾವಾಗಿ ತಿರುಗಿ ನೀರನ್ನು ಒತ್ತಿ ಅದನ್ನು ಎಡಕ್ಕೆ ಎತ್ತುತ್ತವೆ. ೧೯೫೦ರಲ್ಲಿ ಸಂಚಾರವನ್ನಾರಂಭಿಸಿದ 'ಚೂಸಾನ್' ಎಂಬುದು ಈ ರೆಕ್ಕೆಗಳನ್ನು ಪಡೆದ ಮೊದಮೊದಲ ದೊಡ್ಡ ಪ್ರಯಾಣಿಕ ಹಡಗುಗಳಲ್ಲೊಂದು. ಇವುಗಳಿಂದ ಎಡಬಲದ ತೂಗಾಟವು ಬಹಳ ಮಟ್ಟಿಗೆ ಅಡಗುತ್ತದೆ. ಏತದಾಟಕ್ಕೂ ಏರಿಳಿತಕ್ಕೂ ಇವುಗಳಿಂದ ಹೆಚ್ಚು ಪ್ರಯೋಜನವಿಲ್ಲ.

ಯಾವ ತಿಂಗಳಲ್ಲಿ ಹೋಗಬೇಕೆಂಬುದು ಮುಖ್ಯ. ಜೂನಿನಿಂದ ಸೆಪ್ಟೆಂಬರಿನವರೆಗೆ ನೈಋತ್ಯದ ಮಳೆಗಾಳಿಯು ಬೀಸುವಾಗ ಅರಬ್ಬೀ ಸಮುದ್ರದ ಗೊಡವೆಗೆ ಹೋಗಲಾಗದು. ಮಳೆಗಾಲದ ಹಿಂದುಮುಂದಿನ ತಿಂಗಳುಗಳಲ್ಲಿ ಚಂಡಮಾರುತದ ಭಯವುಂಟು. ೨೦೨೧ರ ಮೇ ತಿಂಗಳಲ್ಲಿ 'ತೌಕ್ತೆ'ಯು ನಮ್ಮ ಕರಾವಳಿಯ ಬದಿಯಲ್ಲಿ ಹಾದುಹೋದುದನ್ನು ಯಾರೂ ಮರೆತಿಲ್ಲ. ಡಿಸೆಂಬರಿನಿಂದ ಮಾರ್ಚಿಯವರೆಗೆ ಕಡಲು ಬಹುಮಟ್ಟಿಗೆ ಸೌಮ್ಯವಾಗಿರುತ್ತದೆ. ಆದರೆ ಕಡಲಿನ ಬಿಡುವೂ ಕಾಫಿತೋಟದವರ ಬಿಡುವೂ ಒಂದಾಗುವುದು ಎಲ್ಲಿ? ಆ ತಿಂಗಳುಗಳೇ ನಮಗೆ ಕೊಯ್ಲು, ಕಣ, ಅನಂತರ ಹೂಮಳೆಯ ಕಾಯುವಿಕೆ. ಅರೇಬಿಕಾದ ಕೊಯ್ಲು ಮುಗಿದು ರೊಬಸ್ಟಾದ ಕೊಯ್ಲು ಜೋರಾಗುವುದಕ್ಕೆ ಮುಂಚೆ, ಮೇಸ್ತ್ರಿಗೆ ಕಣವನ್ನು ಒಪ್ಪಿಸಿ, ಅರ್ಧ ಮನಸ್ಸಿನಿಂದಲೇ ನಾವು ಹೊರಟದ್ದು.

ಔಷಧದ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ೧೯೪೭ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಮೈತುರಿಕೆಗೆಂದು ಡೈಮೆನ್‌ಹೈಡ್ರಿನೇಟ್ ಎಂಬ ಮದ್ದನ್ನು ತೆಗೆದುಕೊಂಡ ಹೆಂಗಸೊಬ್ಬಳು, ಟ್ರಾಮ್ ಗಾಡಿಯಲ್ಲಿ ತನಗೆ ಯಾವಾಗಲೂ ಬರುತ್ತಿದ್ದ ಓಕರಿಕೆಯು ಬಾರದೆ ಹೋಯಿತೆಂದು ವೈದ್ಯರಿಗೆ ಹೇಳಿದಳು. ಅವರು ಅದೇ ವರ್ಷ ಅಟ್ಲಾಂಟಿಕ್ ಸಾಗರವನ್ನು ದಾಟುವ ಸೈನಿಕರ ಹಡಗಿನಲ್ಲಿ ಅದನ್ನು ಪರೀಕ್ಷಿಸಿ ಗುಣವನ್ನು ಕಂಡರು. ಆ ಜಾತಿಯ ಹಲವು ಗುಳಿಗೆಗಳು ಈಗ ಔಷಧದಂಗಡಿಗಳಲ್ಲಿ ದೊರೆಯುತ್ತವೆ. ಎರಡು ಮಾತನ್ನು ಮರೆಯಲಾಗದು. ಗುಳಿಗೆಯನ್ನು ಹೊರಡುವುದಕ್ಕೆ ಸುಮಾರು ಒಂದು ಗಂಟೆ ಮೊದಲು ನುಂಗಬೇಕು. ವಾಂತಿಯು ಆರಂಭವಾದ ಮೇಲೆ ನುಂಗಿದ ಗುಳಿಗೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಎರಡನೆಯದಾಗಿ, ಇವುಗಳಿಂದ ಮಂಪರು ಬರುತ್ತದೆ, ಬಾಯೊಣಗುತ್ತದೆ. ಗ್ಲಾಕೋಮಾ ಇರುವವರೂ, ಮೂತ್ರದ ತೊಂದರೆಯಿರುವ ವೃದ್ಧರೂ, ಗರ್ಭಿಣಿಯರೂ, ಬೇರೆ ಔಷಧಗಳನ್ನು ಸೇವಿಸುತ್ತಿರುವವರೂ ವೈದ್ಯರನ್ನು ಕೇಳದೆ ಇವನ್ನು ಮುಟ್ಟಬಾರದು. ಮಕ್ಕಳಿಗೆ ದೊಡ್ಡವರ ಗುಳಿಗೆಯನ್ನು ಅರ್ಧ ಮಾಡಿ ಕೊಡುವ ಅಭ್ಯಾಸವನ್ನಂತೂ ಬಿಡಬೇಕು.

ಶುಂಠಿಯ ವಿಷಯದಲ್ಲಿ ನಮ್ಮ ಅಜ್ಜಿಯಂದಿರು ಪೂರ್ತಿ ತಪ್ಪಿರಲಿಲ್ಲ. ಡೆನ್ಮಾರ್ಕ್ ದೇಶದಲ್ಲಿ ೮೦ ಮಂದಿ ನೌಕಾಶಿಕ್ಷಾರ್ಥಿಗಳ ಮೇಲೆ ನಡೆಸಿ ೧೯೮೮ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಒಂದು ಗ್ರಾಮಿನಷ್ಟು ಒಣಶುಂಠಿಯ ಪುಡಿಯು ವಾಂತಿಯನ್ನೂ ತಣ್ಣನೆಯ ಬೆವರನ್ನೂ ಕಡಿಮೆ ಮಾಡಿತು. ಓಕರಿಕೆಯ ಮೇಲೆ ಮಾತ್ರ ಅಷ್ಟು ಸ್ಪಷ್ಟವಾದ ಗುಣ ಕಾಣಲಿಲ್ಲ. ಇದು ಗುಳಿಗೆಗೆ ಸಮನಲ್ಲ. ಆದರೆ ನಿದ್ದೆಯನ್ನು ತರುವುದಿಲ್ಲ, ನಮ್ಮ ಹಿತ್ತಲಿನಲ್ಲಿಯೇ ಬೆಳೆಯುತ್ತದೆ. ದೊಡ್ಡಮ್ಮನವರು ಬೆಲ್ಲದಲ್ಲಿ ಕುದಿಸಿ ಒಣಗಿಸಿದ ಶುಂಠಿಯ ಬಿಲ್ಲೆಗಳನ್ನು ಒಂದು ಡಬ್ಬಿಯ ತುಂಬ ಮಾಡಿಕೊಂಡರು. ಹೇರಳೆಕಾಯಿಯ ಉಪ್ಪಿನಕಾಯಿಯನ್ನೂ ಕಟ್ಟಿಕೊಂಡರು. ಹಡಗಿನ ಜನ ಅದನ್ನು ಒಳಗೆ ಬಿಡಲಿಲ್ಲವೆಂಬುದು ಬೇರೆ ಮಾತು.

ಊಟದ ವಿಷಯದಲ್ಲಿ ಜನಕ್ಕಿರುವ ತಪ್ಪು ತಿಳಿವಳಿಕೆ ದೊಡ್ಡದು. ಹೊಟ್ಟೆ ಖಾಲಿಯಿದ್ದರೆ ವಾಂತಿಯಾಗದೆಂದು ಉಪವಾಸವಿದ್ದು ಹೊರಡುವವರೇ ಹೆಚ್ಚು. ಖಾಲಿ ಹೊಟ್ಟೆಯು ತುಂಬಿದ ಹೊಟ್ಟೆಯಷ್ಟೇ ಕೆಟ್ಟದ್ದು. ಎರಡು ಅಕ್ಕಿರೊಟ್ಟಿ, ಅಥವಾ ಇಡ್ಲಿ, ಬಿಸ್ಕತ್ತು, ಹುರಿಗಡಲೆ, ಬಾಳೆಯ ಹಣ್ಣು—ಇಂತಹ ಒಣ, ಸಪ್ಪೆ ಆಹಾರವನ್ನು ಸ್ವಲ್ಪ ಸ್ವಲ್ಪವಾಗಿ ತಿನ್ನುತ್ತಿರಬೇಕು. ಕರಿದ ಪದಾರ್ಥವನ್ನೂ ಮದ್ಯವನ್ನೂ ಮೊದಲ ದಿನ ಬಿಡಬೇಕು. ಬರಿಯ ಹೊಟ್ಟೆಯಲ್ಲಿ ಗಟ್ಟಿ ಕಾಫಿಯನ್ನು ಕುಡಿಯಬಾರದೆಂದು ವೈದ್ಯರು ಹೇಳಿದಾಗ, ಕಾಫಿಯನ್ನು ಬೆಳೆಯುವ ನಾವು ಪರಸ್ಪರ ಮುಖವನ್ನು ನೋಡಿಕೊಂಡೆವು.

ಕಡಲಿಗೆ ಮೊದಲು ಘಟ್ಟವಿತ್ತಷ್ಟೆ. ಹೊರಡುವ ದಿನ ದೊಡ್ಡಮ್ಮನವರು ಒಂದು ಗಂಟೆ ಮುಂಚೆ ಗುಳಿಗೆ ನುಂಗಿ, ರೊಟ್ಟಿ ತಿಂದು, ಕಾರಿನಲ್ಲಿ ಚಾಲಕನ ಪಕ್ಕದಲ್ಲಿ ಕುಳಿತರು. ಇದುವರೆಗೆ ಅವರು ಯಾವಾಗಲೂ ಹಿಂದಿನ ಸ್ಥಾನದಲ್ಲಿ ಕಣ್ಣು ಮುಚ್ಚಿ, ಸೆರಗನ್ನು ಮುಖಕ್ಕೆ ಒತ್ತಿಕೊಂಡು ಕುಳಿತಿರುತ್ತಿದ್ದವರು. ಈ ಸಲ ಕಣ್ಣು ತೆರೆದು, ದೂರದ ರಸ್ತೆಯನ್ನೇ ನೋಡುತ್ತ, ತಿರುವು ಬರುವುದನ್ನು ಮೊದಲೇ ಕಂಡುಕೊಳ್ಳಬೇಕೆಂದು ವೈದ್ಯರ ಅಪ್ಪಣೆಯಾಗಿತ್ತು. ಕಣ್ಣೂ ಕಿವಿಯೂ ಒಂದೇ ಮಾತನ್ನು ಹೇಳಲೆಂಬುದೇ ಇದರ ತಾತ್ಪರ್ಯ. ವಾಹನ ನಡೆಸುವವನಿಗೆ ವಾಂತಿಯಾಗುವುದು ಅಪರೂಪವೆಂಬುದನ್ನು ವಾಚಕರು ಗಮನಿಸಿರಬಹುದು. ಕಿಟಕಿಯನ್ನು ತೆರೆದಿಟ್ಟು, ಚಾಲಕನು ನಿಧಾನವಾಗಿ ಇಳಿಸಿದನು. ನಡುವೆ ಒಮ್ಮೆ ಮುಖ ಬಿಳಿಚಿಕೊಂಡಿತು, ಕಾರನ್ನು ನಿಲ್ಲಿಸಿದೆವು, ಹತ್ತು ನಿಮಿಷ ನಿಂತು ಮುಂದೆ ಹೊರಟೆವು. ವಾಂತಿಯಾಗಲಿಲ್ಲ. ಉಜಿರೆಯನ್ನು ದಾಟುವಾಗ ಅವರು, "ಆ ಮನೆ ಕಡೆ ಒಂದು ಗಳಿಗೆ ತಿರುಗಿಸಪ್ಪ" ಎಂದರು. ತಂಗಿಯ ಮಗನು ಹೊರಗೆ ಬಂದು ಕಾಲಿಗೆರಗಿದನು. ಅವರು ಒಳಗೆ ಹೋಗಿ, ಗೋಡೆಯ ಮೇಲಿದ್ದ ಪಟವನ್ನು ಬಹಳ ಹೊತ್ತು ನೋಡಿ, ನೀರು ಕುಡಿದು ಹೊರಬಂದರು. ಮಂಗಳೂರಿನವರೆಗೆ ಮಾತಾಡಲಿಲ್ಲ. ಅಲ್ಲಿಂದ ಮುಂಬಯಿಗೆ ಕೊಂಕಣ ರೈಲಿನಲ್ಲಿ ಹೋದೆವು.

ಹಡಗನ್ನೇರಿದ ಕೂಡಲೇ ಎಲ್ಲರನ್ನೂ ಕರೆದು, ಅಪಾಯಕಾಲದಲ್ಲಿ ಎಲ್ಲಿ ಸೇರಬೇಕು, ಜೀವರಕ್ಷಕ ಅಂಗಿಯನ್ನು ಹೇಗೆ ತೊಡಬೇಕೆಂಬುದನ್ನು ಕಲಿಸುತ್ತಾರೆ. ೧೯೧೨ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ, ೧೯೧೪ರಲ್ಲಿ ರಾಷ್ಟ್ರಗಳು ಕೂಡಿ ಮಾಡಿಕೊಂಡ ಒಡಂಬಡಿಕೆಯಿಂದ ಬೆಳೆದು ಬಂದ ನಿಯಮಗಳ ಫಲವಿದು. ಅನೇಕರು ಇದನ್ನು ತಮಾಷೆಯೆಂದು ತಪ್ಪಿಸಿಕೊಳ್ಳಲು ನೋಡುತ್ತಿದ್ದರು. ದೊಡ್ಡಮ್ಮನವರು ಮಾತ್ರ ಅಂಗಿಯ ಪಟ್ಟಿಯನ್ನು ಎರಡು ಸಲ ಬಿಚ್ಚಿ ಕಟ್ಟಿ ನೋಡಿಕೊಂಡರು.

ಸಂಜೆ ಐದರ ಹೊತ್ತಿಗೆ ಹಡಗು ಬಿಟ್ಟಿತು. ಬಂದರಿನ ಒಳಗೆ ಮನೆಯ ಜಗಲಿಯಲ್ಲಿ ಕುಳಿತಂತೆಯೇ ಇದ್ದಿತು. ಹೊರಗಡಲಿಗೆ ಬಂದ ಮೇಲೆ ಚಳಿಗಾಲದ ವಾಯವ್ಯ ಗಾಳಿಯೆಬ್ಬಿಸಿದ ಅಲೆಗಳು ಹಿಂದಿನಿಂದ ಬಂದು ಹಡಗನ್ನು ಎತ್ತಿ ಇಳಿಸತೊಡಗಿದವು. ದೊಡ್ಡಮ್ಮನವರನ್ನೂ ಸೊಸೆಯನ್ನೂ ನಡುಭಾಗದ ಕೋಣೆಯಲ್ಲಿ ಬಿಟ್ಟು, ನಾವು ಮೂತಿಯ ಬಳಿಯ ಕೋಣೆಯನ್ನು ತೆಗೆದುಕೊಂಡಿದ್ದೆವು. ಘಟ್ಟದಲ್ಲಿ ಎಂದೂ ತಲೆ ತಿರುಗದ ನಮಗೆ ಗುಳಿಗೆಯೇತಕ್ಕೆಂದು ಜಂಬದಿಂದ ಅದನ್ನು ನುಂಗಿರಲೂ ಇಲ್ಲ. ಮಂಚದ ಮೇಲೆ ಒರಗಿ, ಹಡಗಿನವರು ಕೊಟ್ಟಿದ್ದ ಕಾರ್ಯಕ್ರಮದ ಪತ್ರವನ್ನು ಸಣ್ಣ ಅಕ್ಷರದವರೆಗೂ ಓದುತ್ತಿದ್ದೆವು. ಮೊದಲು ಆಕಳಿಕೆ ಬಂದಿತು, ಬಾಯಲ್ಲಿ ನೀರೂರಿತು, ಹಣೆಯ ಮೇಲೆ ತಣ್ಣನೆಯ ಬೆವರು ಒಡೆಯಿತು. ಇವೇ ಮುನ್ಸೂಚನೆಗಳು, ಇವು ಕಂಡಾಗಲೇ ಪುಸ್ತಕವನ್ನು ಮುಚ್ಚಿ, ತೆರೆದ ಅಂಗಳಕ್ಕೆ ಹೋಗಿ, ಕಡಲೂ ಆಕಾಶವೂ ಕೂಡುವ ಗೆರೆಯನ್ನು ನೋಡುತ್ತ ನಿಲ್ಲಬೇಕು. ನಾವು ಹಾಗೆ ಮಾಡದೆ, ಸ್ವಲ್ಪ ಮಲಗಿದರೆ ಸರಿಹೋದೀತೆಂದು ತಡೆದೆವು. ಮುಂದಾದುದನ್ನು ಕುಟುಂಬದವರು ಓದುವ ಪತ್ರಿಕೆಯಲ್ಲಿ ಬರೆಯುವುದು ಬೇಡ. ಒಂಬತ್ತು ವರ್ಷದ ಬಾಲಕನೂ ನಮಗೆ ಜೊತೆಗೊಟ್ಟನು.

ಬಾಗಿಲನ್ನು ತಟ್ಟಿ ಒಳಗೆ ಬಂದವರು ದೊಡ್ಡಮ್ಮನವರು. ಒಂದು ಕೈಯಿಂದ ಗೋಡೆಯ ಹಿಡಿಯನ್ನು ಹಿಡಿದು, ಇನ್ನೊಂದು ಕೈಯಲ್ಲಿ ಶುಂಠಿಯ ಡಬ್ಬಿ. "ಏಳು ಮಗಾ, ಕೋಣೇಲಿ ಬಿದ್ದುಕೊಳ್ಳಬಾರದಂತೆ. ಗಾಳಿಗೆ ಬಾ" ಎಂದು, ನಲವತ್ತು ವರ್ಷ ಘಟ್ಟದಲ್ಲಿ ಕಲಿತ ವಿದ್ಯೆಯನ್ನೆಲ್ಲ ನಮ್ಮ ಮೇಲೆ ಪ್ರಯೋಗಿಸಿದರು. ತೆರೆದ ಅಂಗಳದ ನಡುಭಾಗದಲ್ಲಿ ನಮ್ಮಿಬ್ಬರನ್ನೂ ಕುರ್ಚಿಯಲ್ಲಿ ಕುಳ್ಳಿರಿಸಿ, ತಲೆಯನ್ನು ಹಿಂದಕ್ಕೆ ಒರಗಿಸಿ ಅಲುಗಾಡಿಸಬೇಡಿರೆಂದರು. ಕತ್ತಲಾಗಿತ್ತು, ಗೆರೆ ಕಾಣುತ್ತಿರಲಿಲ್ಲ. ಆದರೆ ದೂರದಲ್ಲಿ ಮೀನು ಹಿಡಿಯುವ ದೋಣಿಗಳ ದೀಪಗಳು ಸಾಲಾಗಿದ್ದವು. ಆ ದೀಪಗಳನ್ನೇ ನೋಡುತ್ತಿದ್ದೆವು. ಒಂದು ಗಂಟೆಯಲ್ಲಿ ಹೊಟ್ಟೆ ತಣ್ಣಗಾಯಿತು. ಹಡಗಿನ ವೈದ್ಯರು ಬಾಲಕನನ್ನು ನೋಡಿ, ಜ್ವರವಿಲ್ಲ, ಭೇದಿಯಿಲ್ಲವೆಂದು ಖಚಿತಮಾಡಿಕೊಂಡು, ಗುಟುಕು ಗುಟುಕಾಗಿ ನೀರು ಕುಡಿಸಲು ಹೇಳಿದರು. ವಾಂತಿಯ ಜೊತೆಗೆ ಭೇದಿಯೋ ಜ್ವರವೋ ಇದ್ದರೆ ಅದು ಅಲೆಯ ಕೆಲಸವಲ್ಲ, ಸೋಂಕಿನ ಕೆಲಸ. ನೂರಾರು ಜನ ಒಂದೇ ಪಂಕ್ತಿಯಲ್ಲಿ ಉಣ್ಣುವ ಹಡಗಿನಲ್ಲಿ ಅದನ್ನು ಮುಚ್ಚಿಡಬಾರದು, ಸೋಪಿನಿಂದ ಕೈ ತೊಳೆಯದೆ ಊಟಕ್ಕೆ ಕೂರಬಾರದು.

ಮರುದಿನದ ಹಗಲನ್ನು ವರ್ಣಿಸಲು ನಮಗೆ ಶಕ್ತಿ ಸಾಲದು. ಗಾಳಿಯು ಅಡಗಿತ್ತು. ದೇಹವೂ ಒಗ್ಗತೊಡಗಿತ್ತು, ಸಾಮಾನ್ಯವಾಗಿ ಎರಡು ಮೂರು ದಿನಗಳಲ್ಲಿ ಮಿದುಳು ಅಲೆಯ ಲೆಕ್ಕವನ್ನು ಕಲಿತುಕೊಳ್ಳುತ್ತದೆ. ಹಡಗಿನಲ್ಲಿ ಬೆಳಗಿನಿಂದ ನಡುರಾತ್ರಿಯವರೆಗೆ ಹಾಡು, ಕುಣಿತ, ಜಾದು, ಜೂಜುಗಳ ಗದ್ದಲವಿರುತ್ತದೆ. ಅದು ಬೇಕಾದವರಿಗೆ ಇರಲಿ. ಕಡಲನ್ನು ನೋಡಲು ಹಣ ಕೊಟ್ಟು ಹೋಗಿ, ಕಿಟಕಿಯಿಲ್ಲದ ಸಭಾಂಗಣದಲ್ಲಿ ಹಗಲನ್ನು ಕಳೆಯುವವರನ್ನು ಕಂಡು ನಮಗೆ ಆಶ್ಚರ್ಯವಾಯಿತು. ಸೂರ್ಯೋದಯಕ್ಕೆ ಮುಂಚೆ ಎದ್ದು ಅಂಗಳದಲ್ಲಿ ನಾಲ್ಕು ಸುತ್ತು ನಡೆಯುವುದು, ಹಡಗಿನ ಹಿಂದೆ ಹಾಲಿನ ಹಾದಿಯಂತೆ ಬಿಚ್ಚಿಕೊಳ್ಳುವ ನೊರೆಯನ್ನು ನೋಡುತ್ತ ಕೂರುವುದು, ನೀರಿನಿಂದೆದ್ದು ಬೆಳ್ಳಿಯ ಚೂರಿನಂತೆ ಹಾರಿ ಮತ್ತೆ ನೀರನ್ನು ಹೊಗುವ ಹಾರುಮೀನುಗಳನ್ನು ಮಕ್ಕಳಿಗೆ ತೋರಿಸುವುದು—ಇವುಗಳಿಗೆ ಚೀಟಿ ಬೇಕಿಲ್ಲ.

ಹಡಗಿನ ಕಾಫಿಯ ರುಚಿಯನ್ನು ಕುರಿತು ನಾವು ಮೌನವಾಗಿರುವುದೇ ಲೇಸು. ಆದರೆ ಅದನ್ನು ಕುಡಿಯುತ್ತ, ಕಡಲಿಗೂ ಕಾಫಿಗೂ ಇರುವ ಹಳೆಯ ನಂಟಿನ ಮಾತು ಬಂದಿತು. ಬಾಬಾಬುಡನ್‌ರವರು ಯೆಮನ್ ದೇಶದ ಮೋಖಾದಿಂದ ಏಳು ಬೀಜಗಳನ್ನು ತಂದರೆಂಬ ಐತಿಹ್ಯವನ್ನು ಎಲ್ಲರೂ ಬಲ್ಲರು; ಅವು ಕಡಲನ್ನು ದಾಟಿಯೇ ಬಂದವು. ಹಾಯಿಹಡಗುಗಳ ಕಾಲದಲ್ಲಿ ನಮ್ಮ ಕರಾವಳಿಯಿಂದ ಹೊರಟ ಕಾಫಿಯು ಆಫ್ರಿಕಾದ ತುದಿಯನ್ನು ಬಳಸಿ ಯೂರೋಪನ್ನು ಮುಟ್ಟಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಹಡಗಿನ ಒಡಲಿನಲ್ಲಿ ಉಪ್ಪುಗಾಳಿಯ ತೇವವನ್ನು ಕುಡಿದು ಹಸುರು ಬೀಜಗಳು ಉಬ್ಬಿ, ಬಿಳಿಹಳದಿಗೆ ತಿರುಗಿ, ಹುಳಿಯನ್ನು ಕಳೆದುಕೊಳ್ಳುತ್ತಿದ್ದವು. ಅಲ್ಲಿನವರ ನಾಲಗೆಗೆ ಅದೇ ರುಚಿಯಾಯಿತು. ೧೮೬೯ರಲ್ಲಿ ಸೂಯೆಜ್ ಕಾಲುವೆಯು ತೆರೆದು, ಉಗಿಹಡಗುಗಳು ಬಂದು, ಪ್ರಯಾಣವು ಕಿರಿದಾದಾಗ, ಕಾಫಿಯು ಹಸುರಾಗಿಯೇ ಹೋಗಿ ಇಳಿಯಿತು. ಕೊಳ್ಳುವವರು ಹಳೆಯ ರುಚಿಯಿಲ್ಲವೆಂದರು. ಆ ರುಚಿಗಾಗಿಯೇ ಇಂದಿಗೂ ಮಂಗಳೂರಿನ ಕಡೆಯ ಗೋದಾಮುಗಳಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಬೀಜಗಳನ್ನು ಹರವಿ ಮಳೆಗಾಳಿಯನ್ನು ಕುಡಿಸುತ್ತಾರೆ. 'ಮಾನ್ಸೂನ್ಡ್ ಮಲಬಾರ್' ಎಂಬುದು ಅದೇ. "ಹಾಗಾದರೆ ನಮಗಿಂತ ಮುಂಚೆ ನಮ್ಮ ಕಾಫಿಗೇ ಹಡಗಿನ ಕಾಯಿಲೆ ಬಂದಿತ್ತು ಅನ್ನು" ಎಂದು ದೊಡ್ಡಮ್ಮನವರು ನಕ್ಕರು. ಆ ನಗೆಯನ್ನು ಕೇಳಿ ಬಹಳ ಕಾಲವಾಗಿತ್ತು.

ಸಂಜೆ ಸೂರ್ಯಾಸ್ತವನ್ನು ನೋಡಲೆಂದು ಎಲ್ಲರೂ ಪಡುವಣ ಬದಿಯ ಕಟಕಟೆಗೆ ಮುತ್ತಿಕೊಂಡರು. ಗೋಡೆಯ ಮೇಲಿನ ತೆರೆಯಲ್ಲಿ ಹಡಗಿರುವ ಸ್ಥಾನವನ್ನು ತೋರಿಸುವ ನಕ್ಷೆಯಿದ್ದಿತು. ಅದರ ಪ್ರಕಾರ ನಾವು ಮಂಗಳೂರಿಗೆ ನೇರವಾಗಿ ಪಡುವಣಕ್ಕಿದ್ದೆವು. ನೋಡಿದರೆ ದೊಡ್ಡಮ್ಮನವರು ಜೊತೆಯಲ್ಲಿಲ್ಲ. ಹುಡುಕಿದಾಗ ಮೂಡಣ ಬದಿಯಲ್ಲಿ, ಯಾರೂ ಇಲ್ಲದ ಕಡೆ, ಕಟಕಟೆಯನ್ನು ಹಿಡಿದು ನಿಂತಿದ್ದರು. ಅಲ್ಲಿ ನೀರು ಮತ್ತು ಮಬ್ಬು ಬಿಟ್ಟು ಮತ್ತೇನೂ ಕಾಣುತ್ತಿರಲಿಲ್ಲ. "ಉಜಿರೆ ಈ ದಿಕ್ಕಿಗೇ ಅಲ್ಲವೇ? ಅದರ ಮೇಲೆ ಘಟ್ಟ?" ಎಂದು ಕೇಳಿದರು. ಅಹುದೆಂದೆವು. "ಇಷ್ಟು ದೊಡ್ಡ ನೀರಿನ ಮೇಲೆ ನಿಂತಿದೀನಿ. ಅವತ್ತು ಈ ಗುಳಿಗೆ ಗೊತ್ತಿದ್ದಿದ್ದರೆ, ಮುಂದಿನ ಸೀಟಲ್ಲಿ ಕೂತಿದ್ದಿದ್ದರೆ..." ಎಂದು ಅಷ್ಟಕ್ಕೇ ನಿಲ್ಲಿಸಿದರು. ನಾವು ಉತ್ತರ ಹೇಳಲಿಲ್ಲ. ಕತ್ತಲಾಗುವವರೆಗೆ ಅಲ್ಲಿಯೇ ನಿಂತಿದ್ದೆವು.

ನಸುಕಿನಲ್ಲಿ ಕೊಚ್ಚಿಯನ್ನು ಮುಟ್ಟಿದೆವು. ನೆಲಕ್ಕಿಳಿದ ಮೇಲೆ ಇನ್ನೊಂದು ವಿನೋದವುಂಟು: ಹಡಗಿಗೆ ಒಗ್ಗಿದ ಮಿದುಳು ಸ್ವಲ್ಪ ಕಾಲ ನೆಲವೇ ತೂಗುತ್ತಿದೆಯೆನ್ನುತ್ತದೆ. ಸ್ನಾನದ ಮನೆಯಲ್ಲಿ ಕಣ್ಣು ಮುಚ್ಚಿ ಮುಖ ತೊಳೆಯುವಾಗ ಗೋಡೆಯನ್ನು ಹಿಡಿದುಕೊಳ್ಳಬೇಕಾಗುತ್ತದೆ. ಇದಕ್ಕೆ ಹೆದರಬೇಕಿಲ್ಲ, ಬಹುಮಂದಿಗೆ ಒಂದೆರಡು ದಿನಗಳಲ್ಲಿ ತಾನೇ ಹೋಗುತ್ತದೆ. ವಾರಗಳು ಕಳೆದರೂ ಬಿಡದಿದ್ದರೆ ಮಾತ್ರ ವೈದ್ಯರಿಗೆ ತೋರಿಸಬೇಕು.

ಮಗನ ಸಂಸಾರವನ್ನು ಮುಂಬಯಿಯ ರೈಲಿಗೆ ಹತ್ತಿಸಿ, ನಾವಿಬ್ಬರೂ ಮಂಗಳೂರಿಗೆ ಬಂದು, ಮರುದಿನ ಘಟ್ಟವನ್ನೇರಿದೆವು. ದೊಡ್ಡಮ್ಮನವರು ಕೇಳದೆಯೇ ಮುಂದಿನ ಸ್ಥಾನದಲ್ಲಿ ಕುಳಿತರು. ಗುಳಿಗೆಯ ಮಂಪರಿನಲ್ಲಿಯೂ ಕಣ್ಣು ಮುಚ್ಚದೆ, ಒಂದೊಂದು ತಿರುವು ಬಂದಾಗಲೂ ಬೆರಳು ಮಡಿಸಿ ಎಣಿಸುತ್ತಿದ್ದರು. ಕೊಟ್ಟಿಗೆಹಾರದಲ್ಲಿ ಕಾರನ್ನು ನಿಲ್ಲಿಸಿ, ನಾವು ಹಿಂದಿನಿಂದ ಇಳಿದು ಬಾಗಿಲನ್ನು ತೆರೆಯುವಷ್ಟರಲ್ಲಿ, ಅವರು ತಾವೇ ಇಳಿದು ಹೋಟೆಲಿನ ಬೆಂಚಿನ ಮೇಲೆ ಕುಳಿತು ನೀರುದೋಸೆಗೆ ಹೇಳಿಯಾಗಿತ್ತು.